ಹೂರಣದ ಬರ್ಗರ್

ಆಗಿನ ನಾಶಿಕ್‌ನ ಮಾತು ಬಂದರೆ ಸಾಕು, ನಮ್ಮ ಬಳಗದವರೆಲ್ಲ ಒಂದೇ ರಾಗ ಎಳೆಯುತ್ತಾರೆ. ಆಗಿನ ದ್ರಾಕ್ಷಿ ಏನು ಸಿಹಿ, ಆಗಿನ ಚಳಿ ಏನು ಹಿತ, ಆಗ ಎರಡು ಸಂಸಾರ ಒಂದೇ ಸೂರಿನ ಕೆಳಗೆ ಎಷ್ಟು ಚೆಂದ ಇದ್ದವು! ದ್ರಾಕ್ಷಿಯ ಮಾತು ಒಪ್ಪಿದೆ. ಚಳಿಯ ಮಾತೂ ಒಪ್ಪಿದೆ. ಬೆಳಗ್ಗೆ ಬಾಯಿ ತೆರೆದರೆ ಹೊಗೆ ಬರುತ್ತಿತ್ತು, ನಾವು ಹುಡುಗರು ಎರಡು ಬೆರಳು ತುಟಿಗಿಟ್ಟುಕೊಂಡು ಬೀಡಿ ಸೇದುವ ಆಟ ಆಡುತ್ತಿದ್ದೆವು. ಮೂರನೆಯ ಮಾತಿಗೆ ಮಾತ್ರ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಚೆಂದವನ್ನು ಯಾರು ಬೇಯಿಸಿದರು, ಯಾರು ಬಡಿಸಿ ಹೆಸರು ತೆಗೆದುಕೊಂಡರು ಎಂದು ಕೆಳಗೂ ಮೇಲೂ ಓಡಾಡಿ ಕಣ್ಣಾರೆ ಕಂಡವಳು ನಾನು.

ಅಪ್ಪ ಬ್ಯಾಂಕಿನವರು. ಬಾಗಲಕೋಟೆಯಿಂದ ನಾಶಿಕ್‌ಗೆ ವರ್ಗವಾದಾಗ ನಾನು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಬ್ಯಾಂಕಿನ ಕ್ವಾರ್ಟರ್ಸ್ ಖಾಲಿಯಾಗುವ ತನಕ ಎಂದು ದೊಡ್ಡಪ್ಪನ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಇಳಿದುಕೊಂಡೆವು. ದೊಡ್ಡಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದರು. ಆ ಊರಿಗೆ ಬಂದು ಬಹಳ ವರ್ಷವಾಗಿ ಸ್ವಂತ ಮನೆಯನ್ನೂ ಕಟ್ಟಿಸಿದ್ದರು. ದೊಡ್ಡವ್ವ ಮರಾಠಿ ಮಾತಾಡಿದರೆ ಅಲ್ಲಿಯವರೇ ಕಿವಿಗೊಟ್ಟು ಕೇಳಬೇಕು, ಅಷ್ಟು ಸ್ವಚ್ಛ. ನಮ್ಮವ್ವನಿಗೆ ಮರಾಠಿಯ ಗಂಧವಿರಲಿಲ್ಲ. ನನಗೆ ಓಣಿಯಲ್ಲಿ ಲಗೋರಿ ಆಡುತ್ತ ಆಡುತ್ತಲೇ ಬಂದುಬಿಟ್ಟಿತ್ತು. ಹೀಗಾಗಿ ಭಾಜಿ ಮಾರುಕಟ್ಟೆಗೆ ಹೋದರೂ, ಹಿಟ್ಟಿನ ಗಿರಣಿಗೆ ಹೋದರೂ ಅವ್ವನ ಸೆರಗು ಹಿಡಿದು ನಾನು. ಅವ್ವ ಕನ್ನಡದಲ್ಲಿ ಜಗಳ ಮಾಡುವುದು, ನಾನು ಅದನ್ನು ಮರಾಠಿಯಲ್ಲಿ ಮಾಡುವುದು.

ನಾವು ಬಂದ ತಿಂಗಳೇ ದೊಡ್ಡವ್ವ ಅಡಿಗೆಯವಳನ್ನು ಬಿಡಿಸಿದರು. "ಮನ್ಯಾಗ ಸುಧಾ ಇರಬೇಕಾದ್ರ ಹೊರಗಿನವ್ರು ಯಾಕ?" ಅಂದರು. ಎಷ್ಟು ಪ್ರೀತಿಯ ಮಾತು ಎಂದು ಅಪ್ಪನಿಗೆ ಅನ್ನಿಸಿತು. ಸುಧಾ ಅಂದರೆ ನಮ್ಮವ್ವ. ಅಂದಿನಿಂದ ಎರಡೂ ಸಂಸಾರದ ಒಲೆ ಅವಳದು.

ಒಲೆ ಮಾತ್ರ. ಸವಟಲ್ಲ. ನಮ್ಮ ಮನೆತನದಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದ ಒಂದು ರೂಢಿಯಿದೆ: ಒಲೆ ಸಣ್ಣ ಸೊಸೆಯದು, ಸವಟು ದೊಡ್ಡ ಸೊಸೆಯದು. ಬೇಯಿಸುವವಳು ಒಬ್ಬಳು, ಪಂಕ್ತಿಗೆ ಬಂದು ಬಡಿಸುವವಳು ಇನ್ನೊಬ್ಬಳು. ಅವ್ವ ಬೆವರು ಒರೆಸಿಕೊಳ್ಳುತ್ತ ಸಾರಿನ ಬೋಗುಣಿ ಇಳಿಸುವ ಹೊತ್ತಿಗೆ ಸರಿಯಾಗಿ ದೊಡ್ಡವ್ವ ಪೌಡರ್ ಹಚ್ಚಿಕೊಂಡು ಮೇಲಿನಿಂದ ಇಳಿದು ಬರುವರು. ಸವಟು ತಗೊಂಡು ಪಂಕ್ತಿಯ ನಡುವೆ ಓಡಾಡುತ್ತ, "ಹೆಂಗಾಗೇದ್ರಿ? ಉಪ್ಪು ಸಾಕೇನ್ರಿ?" ಎಂದು ಕೇಳುವರು. ಬಂದವರು "ಭಾಳ ಛಲೋ ಆಗೇದ್ರಿ ವೈನಿ" ಅನ್ನುವರು. ವೈನಿ ನಗುವರು. ಒಳಗೆ ನನ್ನವ್ವ ಹಂಚಿನ ಮೇಲೆ ಭಕ್ಕರಿ ತಿರುವಿ ಹಾಕುವಳು. ಅದು ಅನ್ಯಾಯ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ. ಅವ್ವನಿಗೂ ಅನ್ನಿಸುತ್ತಿರಲಿಲ್ಲವೇನೋ, ಆ ಬರ್ಗರ್ ಮನೆಗೆ ಬರುವ ತನಕ.

ದೊಡ್ಡಪ್ಪ ಆ ಚಳಿಗಾಲದಲ್ಲಿ ದೇವಳಾಲಿಯ ದಂಡಿನ ಪ್ರದೇಶಕ್ಕೆ ಯಾವುದೋ ಕೆಲಸದ ಮೇಲೆ ಹೋಗಿ ಬಂದರು. ಅಲ್ಲಿ ಮಿಲಿಟರಿ ಅಧಿಕಾರಿಗಳು ಹುಲ್ಲಿನ ಬಯಲಿನಲ್ಲಿ ಕೆಂಡ ಹರಡಿ, ಕಬ್ಬಿಣದ ಜಾಳಿ ಇಟ್ಟು, ಹೆಂಡಿರು ಮಕ್ಕಳ ಜೊತೆ ನಿಂತಲ್ಲೇ ಸುಟ್ಟು ಸುಟ್ಟು ತಿನ್ನುವುದನ್ನು ನೋಡಿದರಂತೆ. ಅದಕ್ಕೆ ಬಾರ್ಬೆಕ್ಯೂ ಎನ್ನುತ್ತಾರಂತೆ. ಮನೆಗೆ ಬಂದವರಿಗೆ ಅದೇ ಹುಚ್ಚು. ಸಾತಪುರದ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿಯ ಸರಳುಗಳನ್ನು ಕೂಡಿಸಿ ಒಂದು ಜಾಳಿ ಮಾಡಿಸಿ ತಂದರು. ಗಚ್ಚಿಯ ಮೇಲೆ, ಅಂದರೆ ಮಾಳಿಗೆಯ ಮೇಲೆ, ಇಟ್ಟಿಗೆ ಜೋಡಿಸಿ ಅದನ್ನು ಕೂಡಿಸಿ, ನಾಲ್ಕೂ ದಿಕ್ಕಿನಿಂದ ನಿಂತು ನೋಡಿದರು. "ನಾವು ಮಾಂಸ ತಿನ್ನಂಗಿಲ್ಲ. ಹಂಗಂತ ಸುಡಬಾರದು ಅಂತ ಏನರ ಐತೇನು?" ಅಂದರು.

ಮರುದಿನ ಮೇನ್ ರೋಡಿನ ಹೊಸ ಅಂಗಡಿಯಿಂದ ಒಂದು ಪೊಟ್ಟಣ ತಂದು ಬಿಚ್ಚಿದರು. ಒಳಗೊಂದು ಬರ್ಗರ್. ಅದು ನಾನು ಕಂಡ ಮೊದಲ ಬರ್ಗರ್. ಇಳಿಗೆಯ ಮೇಲೆ ಅದನ್ನು ಹೋಳು ಮಾಡಿ ಎಲ್ಲರ ಕೈಗೂ ಪ್ರಸಾದದ ಹಾಗೆ ಕೊಟ್ಟರು. ಅಪ್ಪ, ದೊಡ್ಡವ್ವ, ಅವರ ಮಗ ಗಿರೀಶ ಎಲ್ಲರೂ ಆಹಾ ಅಂದರು. ಅವ್ವ ತನ್ನ ಹೋಳನ್ನು ಬಾಯಿಗೆ ಹಾಕಲಿಲ್ಲ. ಅಂಚನ್ನು ಬಿಡಿಸಿ, ಮೂಸಿ, ಬೆರಳಿನಿಂದ ಒತ್ತಿ ನೋಡಿದಳು.

"ಒಳಗ ಏನೂ ಇಲ್ಲಲ್ರಿ ಇದ್ರಾಗ" ಅಂದಳು. "ಬರೇ ಬಟಾಟಿ. ಹೂರಣ ಇಲ್ಲದ ಹೋಳಿಗಿ ಆತು."

ದೊಡ್ಡಪ್ಪ ಜೋರಾಗಿ ನಕ್ಕರು. "ಹಂಗಾದ್ರ ನೀನ ಹೂರಣ ಹಾಕಿ ಮಾಡವಾ. ಮುಂದಿನ ಆಯಿತವಾರ ಗಚ್ಚಿ ಮ್ಯಾಲೆ ಬಾರ್ಬೆಕ್ಯೂ. ಆಫೀಸಿನವ್ರನ್ನ ಕರೀತೀನಿ."

"ಜೋಶಿ ಕಾಕೂನೂ ಕರೀರಿ" ಅಂದರು ದೊಡ್ಡವ್ವ.

ಜೋಶಿ ಕಾಕು ನಮ್ಮ ಕಾಲೊನಿಯ ಮಹಿಳಾ ಮಂಡಳದ ಅಧ್ಯಕ್ಷೆ. ದಪ್ಪ ಕನ್ನಡಕ, ಒಂಬತ್ತು ಗಜದ ಸೀರೆ, ಗಟ್ಟಿ ದನಿ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಅವ್ವನನ್ನೂ ನನ್ನನ್ನೂ ದೊಡ್ಡವ್ವ ಮಂಡಳಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಎಳ್ಳು ಬೆಲ್ಲ ಹಂಚುತ್ತ ಕಾಕು ಹೇಳಿದ ಮಾತನ್ನು ನಾನು ಅವ್ವನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದ್ದೆ. ಪ್ರತಿ ಬುಧವಾರ ಮಧ್ಯಾಹ್ನ ಮಂಡಳದಲ್ಲಿ ಅಡಿಗೆಯ ಕ್ಲಾಸು ನಡೆಸಬೇಕೆಂದಿದೆ, ಹೊಸ ಹೊಸದನ್ನು ಮಾಡಿ ತೋರಿಸುವವರು ಬೇಕು. ಮರುದಿನ ಗಿರಣಿಯ ಮುಂದೆ ಹಿಟ್ಟಿಗೆ ಕಾಯುತ್ತ ಕೂತಾಗ ಅವ್ವ ಕೇಳಿದಳು.

"ಸವೀ, ನಾ ಕನ್ನಡದಾಗ ಹೇಳಿದರ ನೀ ಮರಾಠಿ ಮಾಡಿ ಹೇಳ್ತೀಯೇನು? ಅಷ್ಟೂ ಮಂದಿ ಮುಂದ?"

"ಎಲ್ಲೆ?"

"ಮಂಡಳದಾಗ. ಬುಧವಾರ. ನಿನ್ನ ಸಾಲಿ ಮುಂಜಾನೇದು ಅಲ್ಲಾ? ಮಧ್ಯಾಹ್ನ ಖಾಲಿ ಇರ್ತೀ."

ಹೂಂ ಅಂದೆ. ಅವ್ವ ಗಿರಣಿಯ ಹಿಟ್ಟಿನ ಧೂಳು ಕೂತ ರೆಪ್ಪೆ ಪಿಳುಕಿಸುತ್ತ ರಸ್ತೆ ನೋಡಿದಳು. "ವಾರದಾಗ ಒಂದು ಮಧ್ಯಾಹ್ನ" ಅಂದಳು. ಅವಳು ತನಗಾಗಿ ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಬಟಾಟಿಯದೇ ವಾಸನೆ. ಎರಡೂ ಸಂಸಾರದ ಅಡಿಗೆ ಮುಗಿಸಿ, ಪಾತ್ರೆ ತಿಕ್ಕಿ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವ್ವ ತನ್ನ ಪ್ರಯೋಗಕ್ಕೆ ಕೂರುತ್ತಿದ್ದಳು. ಹೂರಣಕ್ಕೆ ಏನು ಎಂಬುದನ್ನು ಮೊದಲ ದಿನವೇ ನಿರ್ಧರಿಸಿದ್ದಳು. ಅದು ಸೀತನಿಯ ಕಾಲ. ಜೋಳದ ಹಾಲುಗಾಳನ್ನು ನಮ್ಮ ಕಡೆ ಸೀತನಿ ಅನ್ನುತ್ತೇವೆ, ಅಲ್ಲಿಯವರು ಹುರಡಾ ಅನ್ನುತ್ತಾರೆ. ಹತ್ತಿರದ ಹಳ್ಳಿಯ ಒಬ್ಬ ಹೆಂಗಸು ಬುಟ್ಟಿಯಲ್ಲಿ ತೆನೆ ತಂದು ಮಾರುತ್ತಿದ್ದಳು. ಅದನ್ನು ಕೆಂಡದ ಮೇಲೆ ಸುಟ್ಟು, ಉಜ್ಜಿ, ಹಸಿರು ಕಾಳು ಬಿಡಿಸಿ, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಹುರಿದ ಶೇಂಗಾ, ಒಣ ಕೊಬ್ಬರಿ ಹಾಕಿ ಒರಳಲ್ಲಿ ತರಿತರಿಯಾಗಿ ಕುಟ್ಟುವುದು. ಮೇಲೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ನಿಂಬೆಹುಳಿ, ಚಿಟಿಕೆ ಸಕ್ಕರೆ. ಬರೀ ಹೂರಣವನ್ನೇ ನಾನು ಬೊಗಸೆಗಟ್ಟಲೆ ತಿಂದು ಬೈಸಿಕೊಳ್ಳುತ್ತಿದ್ದೆ.

ಕಷ್ಟವಿದ್ದದ್ದು ಹೊಚ್ಚಿಗೆಯಲ್ಲಿ, ಅಂದರೆ ಹೊರಗಿನ ಬಟಾಟಿಯ ಪದರದಲ್ಲಿ. ಮೊದಲ ದಿನ ಹಂಚಿನ ಮೇಲೆಯೇ ಬಿರಿದು ಹೂರಣವೆಲ್ಲ ಹೊರಗೆ ಬಿತ್ತು. ಎರಡನೆಯ ದಿನ ಹಿಟ್ಟು ಬೆರೆಸಿದಳು, ಅಂಟು ಅಂಟಾಗಿ ಹಲ್ಲಿಗೆ ಹತ್ತಿತು. "ಬಟಾಟಿ ಹೊಸಾವು, ಮೈಯಾಗ ನೀರು ಭಾಳ" ಎಂದು ಹಳೆಯ ಬಟಾಟಿ ಹುಡುಕಿಸಿ ತಂದಳು. ಕುದಿಸಿ, ಇಡೀ ರಾತ್ರಿ ಬಟ್ಟೆಯ ಮೇಲೆ ಹರವಿ, ಬೆಳಗ್ಗೆ ನೆನೆಸಿದ ತೆಳು ಅವಲಕ್ಕಿ ಕೂಡಿಸಿ ಕಣಕದ ಹಾಗೆ ನಾದಿದಳು. ಅಂಗೈಯಲ್ಲಿ ಬಟ್ಟಲು ಮಾಡಿ, ಹೂರಣ ಇಟ್ಟು, ಹೋಳಿಗೆಗೆ ಮುಚ್ಚಿದ ಹಾಗೆ ಬೆರಳ ತುದಿಯಲ್ಲಿ ಅಂಚು ಕೂಡಿಸುತ್ತ ಬಂದಳು. ಅರ್ಧ ಹಂಚಿನ ಮೇಲೆ ಬೇಯಿಸಿ, ಇನ್ನರ್ಧಕ್ಕೆ ಶೇಗಡಿಯ ಕೆಂಡದ ಮೇಲೆ ಇಟ್ಟಳು. ಬಿರಿಯಲಿಲ್ಲ. ಮುರಿದರೆ ಹೊರಗೆ ಕೆಂಪು, ನಡುವೆ ಬಿಳಿ, ಒಳಗೆ ಹಸಿರು. ಹಬೆಯ ಜೊತೆ ಬಳ್ಳೊಳ್ಳಿಯ ಘಮ. ಅವ್ವ ಒಂದು ತುತ್ತು ನನ್ನ ಬಾಯಿಗಿಟ್ಟು, ನಾನು ಏನನ್ನುತ್ತೇನೋ ಎಂದು ಉಸಿರು ಹಿಡಿದು ನೋಡುತ್ತಿದ್ದಳು.

"ಅಂಗಡೀದಕ್ಕಿಂತ ಛಲೋ ಐತೆವಾ."

"ಅಂಗಡೀದು ಯಾರಿಗೆ ಬೇಕು" ಅಂದಳು. ಆ ಠೀವಿ!

ಹೊಚ್ಚಿಗೆ ಮುಚ್ಚುತ್ತ ಮುಚ್ಚುತ್ತ ಅವಳು ನನ್ನಿಂದ ಒಂದು ವಾಕ್ಯ ಕಲಿತಳು. "ಹೇ ಮೀ ಕೇಲಂಯ." ಇದನ್ನು ನಾನು ಮಾಡಿದೆ. ಎಷ್ಟು ಸಲ ಹೇಳಿಸಿದರೂ ಕೊನೆಗೆ ನಮ್ಮೂರಿನ ಎಳೆತ ಬರುತ್ತಿತ್ತು. ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

"ಜೋಶಿ ಕಾಕು ಕೇಳಿದರ ನಾನ ಹೇಳ್ತೇನಿ. ನೀ ಬಾಯಿ ಹಾಕಬ್ಯಾಡ" ಎಂದು ತಾಕೀತು ಮಾಡಿದಳು. "ಇದಕ್ಕ ಸವಟು ಬೇಕಾಗಂಗಿಲ್ಲ ನೋಡು. ಬೆಂಕಿಯಿಂದ ಸೀದಾ ಕೈಗೆ."

ಶನಿವಾರ ದೊಡ್ಡವ್ವನನ್ನು ಕೇಳಿಯೂ ಕೇಳಿದಳು. "ಅಕ್ಕಾ, ನಾಳೆ ನಾನೂ ಮ್ಯಾಲೆ ನಿಂದರಲೇನ್ರಿ?" ದೊಡ್ಡವ್ವ ಉಗುರಿಗೆ ಬಣ್ಣ ಹಚ್ಚುತ್ತ, "ನೋಡೋಣಂತ" ಅಂದರು.

ಆಯಿತವಾರ ಸಂಜೆ ಬಿಸಿಲು ಇಳಿಯುವ ಮೊದಲೇ ಗಚ್ಚಿ ತುಂಬಿತು. ದೊಡ್ಡಪ್ಪನ ಕಚೇರಿಯವರು, ಅವರ ಮನೆಯವರು, ಜೋಶಿ ಕಾಕು. ಚಾಪೆ, ಖುರ್ಚಿ, ಮೂಲೆಯಲ್ಲಿ ಗಿರೀಶನ ಟೇಪ್ ರಿಕಾರ್ಡರ್. ದೊಡ್ಡಪ್ಪ ಕೊರಳಿಗೆ ಟವೆಲ್ಲು ಸುತ್ತಿಕೊಂಡು ಜಾಳಿಯ ಮುಂದೆ ನಿಂತು ಬೀಸಣಿಗೆ ಬೀಸುತ್ತಿದ್ದರು. ಕೆಂಡ ಹೊತ್ತಿಸಿದ ಮಾತ್ರಕ್ಕೆ ಅವರನ್ನು ಎಲ್ಲರೂ ಹೊಗಳಿದರು. ಎರಡು ದಿನದಿಂದ ಅರೆದು, ಕುಟ್ಟಿ, ನಾದಿ, ಮುಚ್ಚಿ ಅಗಲವಾದ ಪರಾತದಲ್ಲಿ ಸಾಲಾಗಿ ಜೋಡಿಸಿದವಳು ಕೆಳಗೆ ಹಂಚಿನ ಮುಂದೆ ಇದ್ದಳು. ಏಕೆಂದರೆ ಕಡೇ ಗಳಿಗೆಯಲ್ಲಿ ದೊಡ್ಡವ್ವ ಬಂದು ಅಂದದ್ದು ಇಷ್ಟು: "ಸುಧಾ, ನೀ ಇಲ್ಲೇ ಅರ್ಧ ಬೇಯಿಸಿ ಬೇಯಿಸಿ ಸವಿತಾನ ಕೈಲೆ ಮ್ಯಾಲೆ ಕಳಸು. ಬಡಸೂದು ನಾ ನೋಡ್ಕೋತೀನಿ. ಇಬ್ಬರೂ ಮ್ಯಾಲೆ ನಿಂತರ ಕೆಳಗ ಯಾರು?"

ಕೆಳಗೆ ಯಾರು! ಅದೇ ಪ್ರಶ್ನೆ, ಅದಕ್ಕೆ ಅದೇ ಉತ್ತರ.

ನಾನು ತಟ್ಟೆ ಹಿಡಿದು ಮೆಟ್ಟಿಲು ಹತ್ತುವುದು, ಖಾಲಿ ತಟ್ಟೆ ಹಿಡಿದು ಇಳಿಯುವುದು. ಮೇಲೆ ದೊಡ್ಡಪ್ಪ ಅವುಗಳನ್ನು ಕೆಂಡದ ಮೇಲಿಟ್ಟು, ಪಕ್ಕದಲ್ಲಿ ಬನ್ನು ಬಿಸಿ ಮಾಡಿ, "ಮಿಲಿಟರಿಯವರ ಹಂಗ ಆತೋ ಇಲ್ಲೋ?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ದೊಡ್ಡವ್ವ ಕೈಯಲ್ಲಿ ಉದ್ದನೆಯ ಚಿಮಟ ಹಿಡಿದಿದ್ದರು. ಸವಟಿಲ್ಲದ ಅಡಿಗೆಯಲ್ಲೂ ಅವರು ತಮ್ಮ ಸವಟು ಹುಡುಕಿಕೊಂಡಿದ್ದರು. ಚಿಮಟದಿಂದ ಎತ್ತಿ, ಬನ್ನಿನೊಳಗಿಟ್ಟು, ಹಸಿರು ಚಟ್ನಿ ಸವರಿ, ಒಬ್ಬೊಬ್ಬರ ಕೈಗೂ ನಗುತ್ತ ಕೊಡುತ್ತಿದ್ದರು. ಅಪ್ಪ ಗಚ್ಚಿಯ ಕಟ್ಟೆಗೆ ಆನಿಕೊಂಡು ತಿನ್ನುತ್ತಿದ್ದರು.

ಮೂರನೆಯ ತಟ್ಟೆಯೋ ನಾಲ್ಕನೆಯದೋ ಕೊಡುವಾಗ ಜೋಶಿ ಕಾಕು ಒಂದು ತುತ್ತು ಕಚ್ಚಿ, ಮುರಿದ ತುದಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ಅಗಂ, ಆತ ಹುರಡಾ ಆಹೇ!" ಅಂದರು. ಒಳಗೆ ಹುರಡಾ ಇದೆಯಲ್ಲೇ! ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹೇ ಕೋಣೀ ಕೇಲಂಯ?" ಎಂದು ಕೇಳಿದರು. ಇದನ್ನು ಯಾರು ಮಾಡಿದ್ದು?

ನಾನು ಉತ್ತರಕ್ಕೆ ನಿಲ್ಲದೆ ಒಂದೇ ಉಸಿರಿಗೆ ಕೆಳಗೆ ಓಡಿದೆ.

"ಅವ್ವಾ, ಕಾಕು ಕೇಳಾಕತ್ತಾರ! ಯಾರು ಮಾಡ್ಯಾರ ಅಂತ ಕೇಳಾಕತ್ತಾರ! ಬಾ ಮ್ಯಾಲೆ!"

ಅವ್ವ ಹಂಚು ಇಳಿಸಿದಳು. ಕೈ ತೊಳೆದಳು. "ತಡಿ ತಡಿ" ಎನ್ನುತ್ತ ಮುಖಕ್ಕೆ ನೀರು ಹಾಕಿಕೊಂಡು, ಕುಂಕುಮ ಸರಿ ಮಾಡಿಕೊಂಡು, ಗೂಟದ ಮೇಲಿದ್ದ ಹಸಿರು ಇಳಕಲ್ ಸೀರೆಯನ್ನು ಬೇಗ ಬೇಗ ಸುತ್ತಿಕೊಂಡಳು. ಮುಂಜಾನೆಯಿಂದ ಅದು ಅಲ್ಲೇ ಕಾಯುತ್ತಿತ್ತು. ಮೆಟ್ಟಿಲು ಹತ್ತುವಾಗ ಅವಳ ತುಟಿಗಳು ಆಡುತ್ತಿದ್ದವು. ಹೇ ಮೀ ಕೇಲಂಯ. ಹೇ ಮೀ ಕೇಲಂಯ.

ನಾವು ಗಚ್ಚಿಗೆ ಕಾಲಿಟ್ಟಾಗ ದೊಡ್ಡವ್ವನ ಮಾತು ಅರ್ಧ ಆಗಿತ್ತು. ಹೂರಣವನ್ನು ಹೇಗೆ ಕುಟ್ಟಬೇಕು, ಎಷ್ಟು ತರಿ ಇರಬೇಕು ಎಂದು ಚಿಮಟ ಆಡಿಸುತ್ತ ಹೇಳುತ್ತಿದ್ದರು. ಒರಳಿನ ಹತ್ತಿರ ಒಂದು ಸಲವೂ ಕೂತವರಲ್ಲ. ಅವ್ವನನ್ನು ಕಂಡರು. ಮಾತು ನಿಲ್ಲಿಸಲಿಲ್ಲ.

"ಈಕೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ" ಎಂದು ಮರಾಠಿಯಲ್ಲಿ ಪರಿಚಯ ಮಾಡಿಕೊಟ್ಟರು. "ಊರಿಗೆ ಹೊಸಬಳು. ಪಾಪ, ಏನೂ ಬರುತ್ತಿರಲಿಲ್ಲ. ಮೀಚ ಶಿಕವಲಂ ತಿಲಾ ಸಗಳಂ." ಎಲ್ಲ ನಾನೇ ಕಲಿಸಿದೆ ಇವಳಿಗೆ.

ಅವ್ವ ನನ್ನ ಮುಖ ನೋಡಿದಳು. ನಾನು ಅಲ್ಲೇ, ಎಲ್ಲರೂ ನೋಡುತ್ತಿರುವಾಗಲೇ, ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಅವಳ ಮುಖ ಕೆಂಡದ ಬೆಳಕಿನಲ್ಲಿ ಗಟ್ಟಿಯಾಯಿತು.

ಜೋಶಿ ಕಾಕು ಕೆಟ್ಟವರಲ್ಲ. ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿ ಅವ್ವನನ್ನೇ ಕೇಳಿದರು. "ಹೋ ಕಾ?" ಹೌದೇನು?

ನೇರವಾಗಿ ಅವ್ವನನ್ನೇ ಕೇಳಿದ್ದರು. ಉತ್ತರವೂ ಅವಳ ಬಾಯಲ್ಲಿ ಸಿದ್ಧವಿತ್ತು. ಅವ್ವ "ಹೇ..." ಎಂದು ಶುರು ಮಾಡಿದಳು. ಮಾಡಿ, ಕಟ್ಟೆಯ ಕಡೆ ತಿರುಗಿದಳು. ಅಪ್ಪ ಬರ್ಗರ್ ಅಗಿಯುವುದನ್ನು ನಿಲ್ಲಿಸಿ, ಯಾರಿಗೂ ಕಾಣಬಾರದು ಎಂಬಂತೆ, ಸಣ್ಣಗೆ ತಲೆ ಅಲ್ಲಾಡಿಸಿದರು. ಬೇಡ.

"ಹೋ" ಅಂದಳು ಅವ್ವ. ಹೌದು.

ನನಗೆ ಆಮೇಲೆ ಏನಾಯಿತೋ. "ಖೋಟಂ! ಖೋಟಂ! ಮಾಝ್ಯಾ ಆಯೀನಂ ಕೇಲಂಯ!" ಎಂದು ಗಚ್ಚಿಯೆಲ್ಲ ಕೇಳುವ ಹಾಗೆ ಕಿರುಚಿದೆ. ಸುಳ್ಳು, ಸುಳ್ಳು, ನಮ್ಮವ್ವ ಮಾಡಿದ್ದು! ದೊಡ್ಡವ್ವನಿಗೆ ಒರಳು ಎಲ್ಲಿದೆ ಎನ್ನುವುದೂ ಗೊತ್ತಿಲ್ಲ ಎಂದು ಇನ್ನೂ ಏನೇನೋ ಹೇಳುವವಳಿದ್ದೆ. ಅಷ್ಟರಲ್ಲಿ ಕೆನ್ನೆಯ ಮೇಲೆ ಫಟ್ ಎಂದು ಬಿತ್ತು. ಹೊಡೆದದ್ದು ದೊಡ್ಡವ್ವನಲ್ಲ, ಅಪ್ಪನಲ್ಲ. ಅವ್ವ. ಅವಳ ಕೈಯಿಂದ ಬಳ್ಳೊಳ್ಳಿಯ ವಾಸನೆ ಬರುತ್ತಿತ್ತು.

ಜೋಶಿ ಕಾಕು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಲೇಕ ಆಯೀಚೀಚ ಬಾಜೂ ಘೇಣಾರ" ಅಂದರು. ಮಗಳು ತಾಯಿಯ ಪಕ್ಷ ವಹಿಸದೆ ಇನ್ನಾರ ಪಕ್ಷ ವಹಿಸುತ್ತಾಳೆ ಎಂದು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ನನ್ನ ಮಾತು ಮುಳುಗಿ ಹೋಯಿತು. ಮಕ್ಕಳ ಮಾತಾಯಿತು. ದೊಡ್ಡಪ್ಪ, "ತಗೋ ತಗೋ, ಬಿಸೇದು ತಿನ್ನು, ಸಿಟ್ಟು ಇಳೀತದ" ಎಂದು ನನ್ನ ಕೈಗೇ ಒಂದು ಬರ್ಗರ್ ಕೊಡಲು ಬಂದರು. ನಾನು ಅದನ್ನು ಗಚ್ಚಿಯ ಆಚೆ ಎಸೆದೆ. ಎಸೆದದ್ದು ಅವ್ವನ ಎರಡು ದಿನದ ದುಡಿತ ಎನ್ನುವುದು ಕೈ ಬಿಟ್ಟ ಮೇಲೆ ತಿಳಿಯಿತು.

ಮರುದಿನ ಮುಂಜಾನೆ ಅವ್ವ ನನಗೆ ಜಡೆ ಹಾಕುತ್ತಿದ್ದಳು. ಅಪ್ಪ ಕಿಟಕಿಯ ಹತ್ತಿರ ದಾಡಿ ಮಾಡಿಕೊಳ್ಳುತ್ತಿದ್ದರು.

"ಯಾಕ ಹೊಡದಿ ನನ್ನ?"

ಅವ್ವ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡಿದ್ದಳು. ಅದನ್ನು ತೆಗೆದು, "ಕ್ವಾರ್ಟರ್ಸ್ ಸಿಗೂತನಕ ನಾವು ಇಲ್ಲೇ ಇರಬೇಕು. ಇದ್ದ ಮನಿಗೆ ಬೆಂಕಿ ಹಚ್ಚಬಾರದು" ಅಂದಳು.

"ಹಚ್ಚಿದವ್ರು ದೊಡ್ಡವ್ವ ಅಲ್ಲಾ?"

"ಅವರ ಮನಿ. ಹಚ್ಕೋತಾರ."

ಅಪ್ಪ ಕನ್ನಡಿಯಿಂದ ಕಣ್ಣು ತೆಗೆಯದೆ, "ಒಂದು ಮಾತಿನಿಂದ ಏನು ಹೋತು ಈಗ?" ಅಂದರು. "ತಿಂದವ್ರು ಛಲೋ ಆಗೇದ ಅಂದ್ರಿಲ್ಲೋ? ಮಾಡಿದ್ದು ಸಾರ್ಥಕ ಆತು."

ದೊಡ್ಡವ್ವನ ಸುಳ್ಳನ್ನು ನಾನು ಒಂದು ಪಕ್ಷ ಮರೆತೇನು. ಅಪ್ಪನ ಈ ಮಾತನ್ನು ಮರೆಯಲಾರೆ. ಅಪ್ಪ ಒಳ್ಳೆಯವರು. ಯಾರ ಮನಸ್ಸೂ ನೋಯಬಾರದು ಅನ್ನುತ್ತಿದ್ದರು. ಆ ಯಾರು ಎಂಬುದರಲ್ಲಿ ಅವ್ವನ ಲೆಕ್ಕವೇ ಇರಲಿಲ್ಲ. ಬ್ಯಾಂಕಿನಲ್ಲಿ ಅವರ ಕೆಲಸಕ್ಕೆ ಬೇರೆಯವರು ಹೆಸರು ಹಾಕಿಕೊಂಡ ದಿನ ಇದೇ ಅಪ್ಪ ಊಟ ಬಿಟ್ಟು ಕೂತದ್ದನ್ನು ನಾನು ನೋಡಿದ್ದೇನೆ. ಆಗ ಅವ್ವ "ಒಂದು ಹೆಸರಿನಿಂದ ಏನು ಹೋತು" ಅನ್ನಲಿಲ್ಲ. ಮೊಸರನ್ನ ಕಲಸಿ ಕೈಗೆ ಕೊಟ್ಟಿದ್ದಳು.

ಬುಧವಾರದ ಕ್ಲಾಸು ಯಾರಿಗೆ ಹೋಯಿತು ಎಂದು ಹೇಳಬೇಕಾಗಿಲ್ಲ.

ಆದರೆ ಇದಿಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ವರ್ಷ ಕುದಿಯುತ್ತಿರಲಿಲ್ಲ. ಮಂಗಳವಾರ ಬಂತೆಂದರೆ ದೊಡ್ಡವ್ವ ಕೆಳಗೆ ಇಳಿದು ಬರುವರು. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, "ಸುಧಾ, ನಾಳಿಗೆ ಏನು ತೋರಸ್ಲೇ?" ಎಂದು ಕೇಳುವರು. ಅವ್ವ ಹೇಳುವಳು! ಒಂದು ವಾರ ಮಾದಲಿ, ಒಂದು ವಾರ ಶೇಂಗಾ ಹೋಳಿಗೆ, ಒಂದು ವಾರ ಗುರೆಳ್ಳು ಚಟ್ನಿ. ಎಷ್ಟು ಹುರಿಯಬೇಕು, ಯಾವಾಗ ಇಳಿಸಬೇಕು, ಎಲ್ಲ ಬಿಡಿಸಿ ಹೇಳಿ, ಬೇಕಾದ ಸಾಮಾನನ್ನೂ ಡಬ್ಬಿಗೆ ತುಂಬಿ ಕೊಡುವಳು. ಬುಧವಾರ ಮಧ್ಯಾಹ್ನ ನಾವಿಬ್ಬರೂ ಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆವು. ನಾನು ಬೇಕೆಂದೇ ಹರಳುಗಳನ್ನು ಅಕ್ಕಿಗೇ ಹಾಕುತ್ತಿದ್ದೆ. ಅವ್ವ ಸುಮ್ಮನೆ ಮತ್ತೆ ಆರಿಸುತ್ತಿದ್ದಳು. ಆ ಸುಮ್ಮನೆಯನ್ನು ಕಂಡರೆ ನನಗೆ ಅವಳ ಮೇಲೆಯೇ ರೇಗುತ್ತಿತ್ತು.

ಹೋಳಿ ಹುಣ್ಣಿಮೆಯ ಆಚೀಚೆ ಇರಬೇಕು, ಒಂದು ಮಂಗಳವಾರ ದೊಡ್ಡವ್ವ ಬಂದು ಹೊಸ್ತಿಲ ಮೇಲೆ ಕೂತ ಮೇಲೆ ಅಂದರು: "ಎಲ್ಲಾರೂ ಆ ಬರ್ಗರ್ ತೋರಸ್ರಿ ಅಂತ ಗಂಟು ಬಿದ್ದಾರ. ಜೋಶಿ ಕಾಕೂನೂ ಹೇಳ್ಯಾರ. ಅದನ್ನೊಂದು ಸರಿಯಾಗಿ ಹೇಳಿಬಿಡವಾ."

ಅವ್ವ ಬೂದಿ ಹಚ್ಚಿ ಪರಾತ ತಿಕ್ಕುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅದನ್ನ ನೀವ ನನಗ ಕಲಿಸೀರಲ್ಲ ಅಕ್ಕಾ" ಅಂದಳು. "ನಿಮ್ಮದನ್ನ ನಿಮಗ ನಾ ಏನು ಹೇಳ್ಲಿ?"

ದೊಡ್ಡವ್ವ ಮೊದಲು ನಕ್ಕರು. ಅವ್ವ ನಗಲಿಲ್ಲ. "ಏನು ಮಾತಾಡ್ತೀ ಸುಧಾ, ಮಂದಿ ಮುಂದ ಒಂದು ಮಾತು ಬರ್ತದ, ಹೋಗ್ತದ..." ಎಂದು ದೊಡ್ಡವ್ವ ಶುರು ಮಾಡಿದರು.

"ಹೌದ್ರಿ. ಬರ್ತದ, ಹೋಗ್ತದ. ನನಗೂ ಬಂದಿತ್ತು, ಹೋತು" ಎಂದು ಅವ್ವ ಪರಾತಕ್ಕೆ ನೀರು ಸುರಿದಳು. ನೀರಿನ ಜೊತೆ ಬೂದಿ ಹರಿದು ಹೊಸ್ತಿಲ ತನಕ ಹೋಯಿತು. ದೊಡ್ಡವ್ವ ಸೀರೆಯ ನೆರಿಗೆ ಎತ್ತಿಕೊಂಡು ಎದ್ದರು.

ಅಷ್ಟೇ. ಬೈಗುಳವಿಲ್ಲ, ಕೂಗಾಟವಿಲ್ಲ. ನಾನು ಕೋಣೆಯ ಬಾಗಿಲಲ್ಲಿ ನಿಂತು ಆ ಮಾತನ್ನು ಕೇಳಿದೆ. ಚಪ್ಪಾಳೆ ತಟ್ಟಬೇಕೆನ್ನಿಸಿತ್ತು.

ಅದರ ಬೆಲೆ ಕೂಡಲೇ ತಿಳಿಯಿತು. ಅಂದು ಸಂಜೆ ದೊಡ್ಡಪ್ಪ ಅಪ್ಪನನ್ನು ಮೇಲೆ ಕರೆಸಿದರು. ಬಿಡಿಸಿದ್ದ ಅಡಿಗೆಯವಳು ಮರುವಾರ ವಾಪಸು ಬಂದಳು. ನಮ್ಮ ಕೋಣೆಯ ಮೂಲೆಗೆ ಒಂದು ಸೀಮೆಎಣ್ಣೆ ಸ್ಟೋವು ಬಂತು. ಅಪ್ಪ ಅವ್ವನೊಡನೆ ಬಹಳ ದಿನ ಹೂಂ, ಹಾಂ ಬಿಟ್ಟು ಮಾತಾಡಲಿಲ್ಲ. ಕ್ವಾರ್ಟರ್ಸ್ ಸಿಗಲೇ ಇಲ್ಲ. ಬೇಸಿಗೆಯ ರಜೆಯಲ್ಲಿ ಔರಂಗಾಬಾದಿಗೆ ವರ್ಗವಾಯಿತು. ಲಾರಿ ತುಂಬಿ ಹೊರಟಾಗ ದೊಡ್ಡವ್ವ ಮೆಟ್ಟಿಲ ಮೇಲೆ ನಿಂತು ಅವ್ವನಿಗೆ ಕುಂಕುಮ ಹಚ್ಚಿದರು, ಅವ್ವ ಬಾಗಿ ಕಾಲು ಮುಟ್ಟಿದಳು. ನೋಡಿದವರು, ಏನು ಅನ್ಯೋನ್ಯ, ಅಂದಿರಬೇಕು.

ಔರಂಗಾಬಾದಿನಲ್ಲಿ ಅವ್ವನಿಗೆ ಸ್ವಂತ ಅಡಿಗೆಮನೆ ಸಿಕ್ಕಿತು. ಒಲೆಯೂ ಅವಳದು, ಸವಟೂ ಅವಳದು. ಎರಡೇ ವರ್ಷದಲ್ಲಿ ಮರಾಠಿ ಕಲಿತಳು, ಹಾಲಿನವನ ಜೊತೆ ನನ್ನ ಸಹಾಯವಿಲ್ಲದೆ ಜಗಳ ಮಾಡುವಷ್ಟು. ಅಲ್ಲಿಯ ಕಾಲೊನಿಯಲ್ಲೂ ಮಹಿಳಾ ಮಂಡಳವಿತ್ತು. ಹಬ್ಬದ ದಿನ ಅವಳ ಕರಿಗಡಬು ತಿಂದವರು ಬಂದು ಬಂದು ಕರೆದರು. "ನನಗ ಏನೂ ಬರೂದಿಲ್ರಿ. ಮನೀ ಪೂರ್ತೆ ಮಾಡ್ತೇನಿ" ಎಂದು ಪ್ರತಿ ಸಲವೂ ನಯವಾಗಿ ಬಾಗಿಲು ಹಾಕಿದಳು. ಬರ್ಗರ್ ಮತ್ತೆ ಮಾಡಲಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಹಟ ಮಾಡಿದರೆ ಬಟಾಟಿಯ ಕಟ್ಲೆಟ್ ಮಾಡಿ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಿದ್ದಳು. ಒಳಗೆ ಏನೂ ಇರುತ್ತಿರಲಿಲ್ಲ.

ಈಗ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ನಾನು ಮದುವೆಯಾಗಿ ಇಲ್ಲೇ ನೆಲೆಸಿದ್ದೇನೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ದೊಡ್ಡಪ್ಪನೂ ಇಲ್ಲ. ದೊಡ್ಡವ್ವ ಹೋಗಿ ಒಂದು ವರ್ಷವಾಯಿತು. ಮೊನ್ನೆ ಅವರ ವರ್ಷಾಬ್ದಿಕದ ದಿನ ಬಳಗದ ವಾಟ್ಸಾಪ್ ಗುಂಪಿನಲ್ಲಿ ಗಿರೀಶ ಒಂದು ಹಳೆಯ ಫೋಟೋ ಹಾಕಿದ. ಗಚ್ಚಿ, ಹೊಗೆ, ಚಿಮಟ ಹಿಡಿದು ನಗುತ್ತಿರುವ ದೊಡ್ಡವ್ವ. ಕೆಳಗೆ ಬರೆದಿದ್ದ: "ಅವ್ವನ ಕೈಯ ಬರ್ಗರ್. ಆ ರುಚಿ ಮತ್ತೆಲ್ಲೂ ಸಿಗಲಿಲ್ಲ. ನಾನು ಮಾಡಿದರೆ ಒಡೆದುಹೋಗುತ್ತದೆ. ಗುಟ್ಟು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಈ ಆಯಿತವಾರ ಮಕ್ಕಳಿಗೆ ಮಾಡಿಕೊಡಬೇಕು." ಬಳಗದವರೆಲ್ಲ ಸಾಲಾಗಿ ಕೈಮುಗಿದಿದ್ದರು. ಅನ್ನಪೂರ್ಣೆ ಎಂದು ಒಬ್ಬರು. ಆ ದಿನಗಳು ಮತ್ತೆ ಬರಲಾರವು ಎಂದು ಇನ್ನೊಬ್ಬರು.

ಅವ್ವ ಸೊಪ್ಪು ಸೋಸುತ್ತ ಕೂತಿದ್ದಳು. ಅವಳಿಗೆ ಎಲ್ಲವನ್ನೂ ಓದಿ ಹೇಳಿದೆ, ಒಂದಕ್ಷರ ಬಿಡದೆ. ಓದಿ ಅವಳ ಮುಖ ನೋಡಿದೆ.

ಅವ್ವ ಇನ್ನೊಂದು ಎಲೆ ಬಿಡಿಸಿದಳು. "ಉಪ್ಪು ಕಡೀಕ ಹಾಕು ಅಂತ ಬರಿ ಅವಗ" ಅಂದಳು. "ಮೊದಲ ಹಾಕಿದರ ಹೂರಣ ನೀರು ಬಿಡತದ, ಹೊಚ್ಚಿಗಿ ಒಡೀತದ. ಪಾಪ, ಹುಡುಗ್ರು ಕಾಯ್ಕೊಂಡು ಕುಂತಿರ್ತಾವ."

"ನಾ ಬರಿಯಂಗಿಲ್ಲ."

"ಯಾಕ?"

"ಯಾಕಂತ ಕೇಳ್ತೀ? ಅದು ನಿನ್ನದು ಅಲ್ಲಾ? ಅವತ್ತ ಗಚ್ಚಿ ಮ್ಯಾಲೆ..."

"ಅಯ್ಯ, ಅದನ್ನ ಇನ್ನೂ ಹಿಡಕೊಂಡು ಕುಂತೀಯೇನ? ನನಗ ನೆನಪ ಇಲ್ಲ ನೋಡು" ಎಂದು ನಕ್ಕು ಸೊಪ್ಪಿನ ದಂಟು ಮುರಿದಳು.

ನೆನಪಿಲ್ಲವಂತೆ. ನನಗೆ ಮೊದಲು ನಂಬಲಾಗಲಿಲ್ಲ, ಆಮೇಲೆ ಅವಳ ಕಣ್ಣು ನೋಡಿ ನಂಬಿದೆ. ಆ ಕಾಲದಿಂದ ಈಚೆಗೆ ನಮ್ಮ ಮನೆಯಿಂದ ಏನೇನು ಹೋಯಿತು ಎಂದು ಎಲ್ಲರೂ ಎಣಿಸುತ್ತಾರೆ. ಹೋದವರನ್ನು ಎಣಿಸುತ್ತಾರೆ, ಮಾರಿದ ಮನೆಯನ್ನು ಎಣಿಸುತ್ತಾರೆ, ಕೂಡಿ ಉಂಡ ಪಂಕ್ತಿಗಳನ್ನು ಎಣಿಸುತ್ತಾರೆ. ಅವ್ವನಿಗೆ ಸಿಗದೇ ಹೋದ ಬುಧವಾರಗಳನ್ನು ಯಾರೂ ಎಣಿಸಲಿಲ್ಲ. ಬೂದಿ ಹತ್ತಿದ ಕೈಯಲ್ಲಿ ಕೂತು ಅವಳು ಒಂದೇ ಒಂದು ಸಲ ಮಾಡಿಕೊಂಡ ಸಿಟ್ಟು ಇತ್ತಲ್ಲ, ಆ ಮನೆಯಿಂದ ನಾವು ಹೊತ್ತು ತಂದ ನಮ್ಮ ಸ್ವಂತದ್ದು ಅದೊಂದೇ ಎಂದು ನಾನು ತಿಳಿದಿದ್ದೆ. ಈಗ ಅದೂ ಅವಳ ಹತ್ತಿರ ಇಲ್ಲ. ಅದನ್ನು ಇಟ್ಟುಕೊಂಡವಳು ನಾನೊಬ್ಬಳು.

"ಬರದೀಯೇನು?" ಎಂದು ಅವ್ವ ಮತ್ತೆ ಕೇಳಿದಳು.

"ಬರದೆ" ಅಂದೆ. ಬರೆದಿರಲಿಲ್ಲ. ಮೊಬೈಲನ್ನು ಬೋರಲು ಹಾಕಿ ಸೊಪ್ಪು ಸೋಸಲು ಕೂತೆ. ಆಯಿತವಾರ ಗಿರೀಶ ಮಾಡಲಿ. ಒಡೆಯಲಿ.